ಮೂರಡಿ ಹೊಸ ಬಣ್ಣ

ಸಂಕ್ರಾಂತಿ ಕಳೆದ ಮೊದಲ ಭಾನುವಾರ. ಬೆಂಗಳೂರಿನ ಪೂರ್ವದಂಚಿನ ಬಡಾವಣೆಯೊಂದರ ಅಡ್ಡರಸ್ತೆ. ಬೀಗ ಹಾಕಿದ ಮನೆಯ ಗೇಟಿಗೆ ಮಾವಿನ ತೋರಣ, ಅಂಗಳದಲ್ಲಿ ಆಗಷ್ಟೇ ಬಿಟ್ಟ ರಂಗೋಲಿ. ವಾಸವಿಲ್ಲದ ಮನೆಗೆ ರಂಗೋಲಿ ಹಾಕಿಸಿದ್ದು ಬ್ರೋಕರ್ ಎಂದು ಆಮೇಲೆ ತಿಳಿಯಿತು.

ಅವರು ಬೈಕಿನಿಂದ ಇಳಿದು ಜೇಬಿನಿಂದ ಕೀಲಿಗೊಂಚಲು ತೆಗೆದರು. ಹತ್ತಾರು ಬೀಗದಕೈಗಳು, ಒಂದೊಂದಕ್ಕೂ ಬಣ್ಣದ ದಾರ. ಇಲ್ಲಿ ರಾಗಿ ಹೊಲವಿದ್ದ ಕಾಲದಿಂದ ಈ ಊರನ್ನು ಬಲ್ಲವರು. ಯಾವ ಬೋರು ಬತ್ತಿದೆ, ಯಾವ ಮನೆಯ ಅಣ್ಣತಮ್ಮಂದಿರು ಮಾತು ಬಿಟ್ಟಿದ್ದಾರೆ, ಎಲ್ಲವೂ ಅವರಿಗೆ ಗೊತ್ತು.

“ಬನ್ನಿ ಮೇಡಂ, ಪೂರ್ವದ ಬಾಗಿಲು, ಪಕ್ಕಾ ವಾಸ್ತು. ಕಾವೇರಿ ಕನೆಕ್ಷನ್ನೂ ಇದೆ, ಬೋರೂ ಇದೆ. ಪೇಪರ್ಸ್ ಎಲ್ಲ ಕ್ಲಿಯರ್.”

ಅಕ್ಕನ ಮಗಳು ಚಪ್ಪಲಿ ಬಿಟ್ಟು ಬಲಗಾಲಿಟ್ಟು ಒಳಗೆ ಹೋದಳು. ಅಡುಗೆಮನೆಯ ಕಿಟಕಿ ತೆರೆದು ಒಲೆ ಎಲ್ಲಿ, ದೇವರ ಗೂಡು ಎಲ್ಲಿ ಎಂದು ಗಂಡನಿಗೆ ಕೈಮಾಡಿ ತೋರಿಸತೊಡಗಿದಳು. ಅವಳ ಮುಖ ನೋಡಿ ನನಗೆ ಸಂಕಟವಾಯಿತು. ಹತ್ತು ವರ್ಷದ ಉಳಿತಾಯ, ಮೇಲೆ ಇಪ್ಪತ್ತು ವರ್ಷದ ಸಾಲ. ಅದೆಲ್ಲವನ್ನೂ ಅವಳು ಆ ಕಿಟಕಿಯ ಬೆಳಕಿನಲ್ಲಿ ಆಗಲೇ ಇಟ್ಟುಬಿಟ್ಟಿದ್ದಳು.

ನಾನು ಹಜಾರದಲ್ಲೇ ನಿಂತೆ. ಗೋಡೆಯ ಕೆಳಗಿನ ಮೂರಡಿ ಒಂದು ಬಿಳುಪು, ಅದರ ಮೇಲೆ ಇನ್ನೊಂದು ಬಿಳುಪು. ಬೆರಳಾಡಿಸಿದರೆ ನಡುವೆ ಪುಟ್ಟಿಯ ಸಣ್ಣ ಏಣು ಸಿಕ್ಕಿತು. ಮಲಗುವ ಕೋಣೆಯ ಬಾಗಿಲಿನ ಬುಡ ಉಬ್ಬಿ ಪದರ ಬಿಟ್ಟಿತ್ತು. ಮೆಟ್ಟಿಲ ಕೆಳಗಿದ್ದ ಮೀಟರ್ ಬೋರ್ಡು ಎದೆಯೆತ್ತರಕ್ಕೆ ಬಂದಿತ್ತು. ಹಳೆಯ ಮೊಳೆಯ ತೂತುಗಳು ಮಂಡಿಯೆತ್ತರದಲ್ಲಿ ಹಾಗೇ ಉಳಿದಿದ್ದವು.

“ಇಲ್ಲಿ ಮಾತ್ರ ಯಾಕೆ ಹೊಸ ಬಣ್ಣ?”

“ಮಕ್ಕಳು ಗೀಚಿದ್ರು ಸರ್. ಟಚಪ್ ಮಾಡ್ಸಿದ್ವಿ.”

ಹೊರಗೆ ಬಂದೆ. ಎದುರು ಮನೆಯ ಗೇಟಿನ ಎರಡೂ ಕಂಬಗಳಿಗೆ ಕಬ್ಬಿಣದ ಪಟ್ಟಿ ಬಡಿದಿದ್ದರು, ನಡುವೆ ಹಲಗೆ ಇಳಿಸಿ ನೀರು ತಡೆಯುವುದಕ್ಕೆ. ಜಗುಲಿಯಲ್ಲಿ ಅಜ್ಜಿಯೊಬ್ಬರು ಅವರೆಕಾಯಿ ಸುಲಿಯುತ್ತಿದ್ದರು. ನಾನು ಪಟ್ಟಿಯನ್ನು ನೋಡುತ್ತಿದ್ದುದನ್ನು ಕಂಡು ತಾವೇ ಮಾತು ತೆಗೆದರು.

“ಮನೆ ನೋಡಕ್ಕೆ ಬಂದ್ರಾ? ಆ ದೊಡ್ಡ ಮಳೆ ಬಂತಲ್ಲ, ಆಗ ಎರಡು ದಿನ ತಾರಸಿ ಮ್ಯಾಲೇ ಇದ್ವಪ್ಪ. ಆ ಮನೇಲಿ ಫ್ರಿಜ್ಜು ತೇಲ್ತಿತ್ತು. ಹಿಂದ್ಗಡೆ ಕಾಲುವೆ ಇತ್ತು, ಅದನ್ನ ಮುಚ್ಚಿ ಸೈಟ್ ಮಾಡಿದ್ರು. ನೀರು ಇನ್ನೆಲ್ಲಿಗೆ ಹೋಗ್ಬೇಕು?”

2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು, ಯಮಲೂರು, ಸರ್ಜಾಪುರ ರಸ್ತೆಯ ಬಡಾವಣೆಗಳಲ್ಲಿ ಜನರನ್ನು ದೋಣಿ, ಟ್ರ್ಯಾಕ್ಟರುಗಳಲ್ಲಿ ಹೊರತಂದದ್ದನ್ನು ನಾವೆಲ್ಲ ಕಂಡಿದ್ದೇವೆ. 2016ರ ಆಗಸ್ಟಿನಲ್ಲಿ ರಾಜಕಾಲುವೆ ಒತ್ತುವರಿ ತೆರವಿಗೆ ಜೆಸಿಬಿ ಬಂದಾಗ, ಖಾತೆ, ತೆರಿಗೆ ರಸೀದಿ ಎಲ್ಲ ಕೈಯಲ್ಲಿ ಹಿಡಿದೇ ಮನೆ ಕಳೆದುಕೊಂಡವರು ಬೀದಿಯಲ್ಲಿ ಅತ್ತದ್ದನ್ನೂ ಕಂಡಿದ್ದೇವೆ. ಮಳೆಗಾಲ ಮುಗಿದ ಮೇಲೆ ಅದೇ ನೆಲಕ್ಕೆ ತೋರಣ ಕಟ್ಟಿ ಮನೆ ತೋರಿಸುತ್ತಾರೆ.

ನಾನು ಒಳಗೆ ಹೋಗಿ ಕೇಳಿದೆ. ಬ್ರೋಕರ್ ಸ್ವಲ್ಪವೂ ಗಾಬರಿಯಾಗಲಿಲ್ಲ.

“ಮಳೆ ವಿಷಯ ನೀವು ಕೇಳ್ಲೇ ಇಲ್ವಲ್ಲ ಸರ್.”

ನನ್ನನ್ನು ಕಾಡುವುದು ಈ ಮಾತು. ಮಕ್ಕಳು ಗೀಚಿದ್ದು ಎಂಬ ಸುಳ್ಳಿಗಿಂತ ಇದೇ ಹೆಚ್ಚು ಕಾಡುತ್ತದೆ. ಮಾರುವವರಿಂದ ಶೇಕಡಾ ಒಂದು, ಕೊಳ್ಳುವವರಿಂದ ಶೇಕಡಾ ಒಂದು, ಹೀಗೆ ಎರಡೂ ಕಡೆ ಕಮಿಷನ್ ಪಡೆಯುವುದು ಇಲ್ಲಿನ ರೂಢಿ. ಇಬ್ಬರಿಂದಲೂ ಹಣ ಪಡೆದವರು ಇಬ್ಬರಿಗೂ ನಿಜ ಹೇಳಬೇಕಲ್ಲವೇ? 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಮು, ಕೊಳ್ಳುವವರ ಸಾಮಾನ್ಯ ಎಚ್ಚರಕ್ಕೆ ಸಿಗದಂಥ ದೋಷ ತಮಗೆ ತಿಳಿದಿದ್ದರೆ ಅದನ್ನು ಹೇಳುವ ಹೊಣೆಯನ್ನು ಮಾರುವವರ ಮೇಲೆ ಹೊರಿಸುತ್ತದೆ. ಅಲ್ಲಿ ದಲ್ಲಾಳಿಯ ಮಾತೇ ಇಲ್ಲ. 2016ರ ರೇರಾ ಕಾಯ್ದೆ ಏಜೆಂಟರು ನೋಂದಾಯಿಸಿಕೊಳ್ಳಬೇಕು, ಸುಳ್ಳು ಹೇಳಬಾರದು, ದಾಖಲೆ ಒದಗಿಸಬೇಕು ಎನ್ನುತ್ತದೆ; ತಪ್ಪಿದರೆ ದಿನಕ್ಕೆ 10,000 ರೂಪಾಯಿ ದಂಡ, ಒಟ್ಟು ಬೆಲೆಯ ಶೇಕಡಾ 5ರವರೆಗೆ. ಆದರೆ ಅದರ ಕಣ್ಣು ಬಿಲ್ಡರುಗಳ ನೋಂದಾಯಿತ ಯೋಜನೆಗಳ ಮೇಲೆ. ಇಂಥ ಹಳೆಯ ಮನೆ ಕೈಬದಲಾಗುವಾಗ, ಎಲ್ಲರಿಗಿಂತ ಹೆಚ್ಚು ಬಲ್ಲವರ ಮೇಲೆಯೇ ಎಲ್ಲರಿಗಿಂತ ಕಡಿಮೆ ಹೊಣೆ.

“ಇ.ಸಿ. ಕ್ಲೀನ್ ಇದೆ ಸರ್, ನೋಡಿ,” ಎಂದು ಅವರು ಹಾಳೆ ಮುಂದೆ ಹಿಡಿದರು. ಹಾಳೆ ನಿಜವಾದದ್ದೇ. ಆದರೆ ಋಣಭಾರ ಪ್ರಮಾಣಪತ್ರದಲ್ಲಿ ಕಾಣುವುದು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾದ ವ್ಯವಹಾರ ಮಾತ್ರ. ನೋಂದಣಿಯಾಗದ ಕರಾರು ಅದರಲ್ಲಿರುವುದಿಲ್ಲ. ಮಾರುವವರ ತಂಗಿ ತನ್ನ ಪಾಲು ಕೇಳಿ ಕೋರ್ಟಿಗೆ ಹೋಗಿದ್ದರೆ ಆ ದಾವೆಯೂ ಸಾಮಾನ್ಯವಾಗಿ ಅಲ್ಲಿ ಕಾಣುವುದಿಲ್ಲ. ಮುಚ್ಚಿದ ಕಾಲುವೆಯಂತೂ ಇಲ್ಲವೇ ಇಲ್ಲ. ಅದಕ್ಕೆ ಕಂದಾಯ ಇಲಾಖೆಯ ದಿಶಾಂಕ್ ಆ್ಯಪಿನಲ್ಲಿ ಸರ್ವೆ ನಂಬರು ಹುಡುಕಿ, ಹಳೆಯ ಗ್ರಾಮನಕ್ಷೆಯ ಜೊತೆ ತಾಳೆ ನೋಡಬೇಕು.

ಅಕ್ಕನ ಮಗಳು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅಡುಗೆಮನೆಯ ಕಿಟಕಿ ಮುಚ್ಚಿ ಬಂದು ಬ್ಯಾಗಿನಿಂದ ನೋಟ್‌ಬುಕ್ಕು ತೆಗೆದಳು. ಮೆಟ್ಟಿಲ ಮೇಲೆ ಕೂತು ಐದು ಪ್ರಶ್ನೆ ಬರೆದಳು. ಮನೆಯೊಳಗೆ ಮಳೆನೀರು ಬಂದಿದೆಯೇ? ಕಾಲುವೆ ಎಷ್ಟು ದೂರ? ಖಾತೆ ಎಯೋ ಬಿಯೋ? ಬೇರೆ ಯಾರಾದರೂ ಅಡ್ವಾನ್ಸ್ ಕೊಟ್ಟಿದ್ದಾರೆಯೇ? ಕೋರ್ಟಿನಲ್ಲಿ ಕೇಸು ಇದೆಯೇ?

“ಇದಕ್ಕೆ ಉತ್ತರ ಬರೆದು ಒಂದು ಸೈನ್ ಹಾಕ್ಕೊಡಿ ಸರ್. ಆಮೇಲೆ ಟೋಕನ್ ವಿಷಯ ಮಾತಾಡೋಣ.”

ಅವರು ಬಹಳ ಹೊತ್ತು ಆ ಹಾಳೆ ನೋಡಿದರು. “ಬರೆದುಕೊಡಿ ಅಂತ ಇದುವರೆಗೂ ಯಾರೂ ಕೇಳಿಲ್ಲ ಮೇಡಂ,” ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಪೆನ್ನು ತಗೊಂಡು ಮೊದಲನೆಯದಕ್ಕೆ ‘ಹೌದು, 2022’ ಎಂದು ಬರೆದರು. ಎರಡು, ಮೂರು, ನಾಲ್ಕನ್ನೂ ತುಂಬಿದರು. ಐದನೆಯದರ ಮುಂದೆ ಪೆನ್ನು ನಿಂತಿತು.

“ಓನರ್‌ನ ಒಂದ್ಸಲ ಕೇಳಿ ಹೇಳ್ತೀನಿ.”

ಅವಳು ಹಾಳೆ ಮಡಚಿ ಬ್ಯಾಗಿಗೆ ಹಾಕಿಕೊಂಡಳು. ಚೆಕ್‌ಬುಕ್ಕು ಹೊರಗೆ ಬರಲಿಲ್ಲ. ಬ್ರೋಕರ್ ಬಾಗಿಲಿಗೆ ಬೀಗ ಹಾಕುತ್ತಿದ್ದಾಗ, ಅವಳು ರಂಗೋಲಿ ತುಳಿಯದಂತೆ ಸುತ್ತಿ ಬಂದು, ಎದುರು ಜಗುಲಿಯ ಅಜ್ಜಿಗೆ ಕೈಮುಗಿದಳು.