ಕತ್ತರಿಸಿದರೂ ಕೆಡದ ಬಾಗಿಲು: ಅಮೀರ್‌ಪೇಟ್‌ನ ಹಳೇ ಫ್ಲ್ಯಾಟುಗಳಲ್ಲಿ ಇರೋರಿಗೆ

ಈ ವಾರದ ಮಾತು ಬಾಗಿಲಿನದು. ಮುಂಬಾಗಿಲಲ್ಲ, ಮನೆಯೊಳಗಿನ ಬಾಗಿಲು. ವಿಡಿಯೋದಲ್ಲಿ ಆಡಿದ ಮಾತನ್ನೇ ಇಲ್ಲಿ ಸ್ವಲ್ಪ ಒಪ್ಪವಾಗಿ ಇಳಿಸಿದ್ದೇವೆ. ಅಳತೆಗಳನ್ನು ಕೇಳಿ ನೆನಪಿಡೋದಕ್ಕಿಂತ ಓದಿ ಬರ್ಕೊಳ್ಳೋದು ಸುಲಭ.

ಅಮೀರ್‌ಪೇಟ್‌ಗೆ ನಮ್ಮವರು ಮೊದಲು ಬರೋದು ಮೈತ್ರಿವನಂ ಸುತ್ತಲಿನ ಕೋರ್ಸುಗಳಿಗೆ. ಹಾಸ್ಟೆಲ್‌ನಲ್ಲಿ ಮೂರು ತಿಂಗಳು ಅಂತ ಬಂದವರು ಹೈಟೆಕ್ ಸಿಟಿಯಲ್ಲಿ ಕೆಲಸ ಸಿಕ್ಕ ಮೇಲೂ ಮೆಟ್ರೋ ನೆಚ್ಚಿಕೊಂಡು ಇಲ್ಲೇ, ಇಲ್ಲವೇ ಪಕ್ಕದ ಎಸ್.ಆರ್. ನಗರ, ಬಲ್ಕಂಪೇಟ್‌ನಲ್ಲಿ ಹಳೇ ಫ್ಲ್ಯಾಟ್ ಹಿಡಿದು ಉಳೀತಾರೆ. ಕೆಲವರು ಆ ಹಳೇ ಫ್ಲ್ಯಾಟನ್ನೇ ಕೊಂಡುಕೊಂಡಿದ್ದಾರೆ. ಈ ಮನೆಗಳ ತೆರಪುಗಳು ಯಾಕೆ ಸೊಟ್ಟ ಅಂದ್ರೆ, ಅವುಗಳ ಮೇಲೆ ಪದರ ಪದರವಾಗಿ ಕೆಲಸ ಆಗಿರುತ್ತೆ. ಮೊದಲು ನೆಲಕ್ಕೆ ನಮ್ಮ ಶಹಾಬಾದ್ ಕಲ್ಲೋ ತಾಂಡೂರು ಕಲ್ಲೋ ಇತ್ತು. ಅದನ್ನು ಕೀಳದೆ ಮೇಲೆಯೇ ವಿಟ್ರಿಫೈಡ್ ಟೈಲ್ ಹಾಕಿದರು. ಟೈಲು, ಅಂಟು ಸೇರಿ ನೆಲ ಅರ್ಧ ಇಂಚು ಮೇಲೆದ್ದಿತು. ಹಾಲ್ ನಡುವೆ ಗೋಡೆ ಎಬ್ಬಿಸಿ ಇನ್ನೊಂದು ರೂಮ್ ಮಾಡಿದರು, ಉಳಿದ ಸಂದಿಗೆ ಚೌಕಟ್ಟು ನಿಲ್ಲಿಸಿದರು. ಅಲ್ಲಿಗೆ ಅಂಗಡಿಯ ಸಿದ್ಧ ಬಾಗಿಲು ಹೇಗೆ ಕೂರಬೇಕು?

ಇದು ಬರೀ ಅಂದದ ವಿಷಯ ಅಲ್ಲ. ನಾಲ್ಕು ಜನ ಹಂಚಿಕೊಂಡಿರೋ ಮನೆಯಲ್ಲಿ ಚಿಲಕ ಬೀಳದ ಬಾತ್‌ರೂಮ್ ಬಾಗಿಲು ಅಂದ್ರೆ ಏನು ಅಂತ ಹೆಣ್ಣುಮಕ್ಕಳನ್ನ ಕೇಳಿ. ಊರಿಂದ ಬಂದ ಅಪ್ಪ ಒಳಗೆ ಜಾರಿ ಬಿದ್ದಾಗ ಮಳೆಗೆ ಉಬ್ಬಿದ ಬಾಗಿಲು ತೆಗೆಯೋಕಾಗದಿದ್ದರೆ ಅದು ಇನ್ನೂ ದೊಡ್ಡ ಮಾತು.

ಬಾಗಿಲು ಕೊಳ್ಳೋ ಮುಂಚೆ ತಪ್ಪು ಬಾಗಿಲಿನದ್ದೇನಾ ಅಂತ ನೋಡಿ. ಮೇಲಿನ ಹಿಂಜ್‌ನ ಸ್ಕ್ರೂ ಸಡಿಲವಾದರೆ ಬಾಗಿಲು ಜೋತುಬಿದ್ದು, ಚಿಲಕದ ಕಡೆಯ ಕೆಳಮೂಲೆ ನೆಲಕ್ಕೆ ಉಜ್ಜುತ್ತೆ. ನೋಡಿದವರು ‘ಕೆಳಗೆ ಸ್ವಲ್ಪ ಕೊಯ್ದುಬಿಡಿ’ ಅಂತಾರೆ. ಕೊಯ್ಯಬೇಡಿ, ಉದ್ದನೆ ಸ್ಕ್ರೂ ಹಾಕಿ ಬಿಗಿ ಮಾಡಿ. ಹಿಂಜ್‌ಗೆ ಇಲ್ಲಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಕಬ್ಜಾ ಅಂತ ಕೇಳಿದರೆ ಬೇಗ ಅರ್ಥವಾಗುತ್ತೆ. ಬಾಗಿಲು ತಾನಾಗೇ ತೆರೆದುಕೊಳ್ಳೋದು, ಮುಚ್ಚಿಕೊಳ್ಳೋದು ಮಾಡ್ತಿದ್ದರೆ ಹಿಂಜ್ ಕಡೆಯ ಕಂಬ ಓಲಿದೆ ಅಂತ. ಅದಕ್ಕೂ ಗರಗಸ ಮದ್ದಲ್ಲ, ಹಿಂಜ್ ಹಿಂದೆ ತೆಳು ತಗಡೋ ರಟ್ಟೋ ಇಟ್ಟು ಸರಿಮಾಡಬೇಕು.

ಇನ್ನು ಅಳತೆ. ಟೇಪ್ ಎಲ್ಲಿ ಹಿಡೀತೀರಿ ಅನ್ನೋದೇ ಮುಖ್ಯ. ಚೌಕಟ್ಟಿನಲ್ಲಿ ಬಾಗಿಲು ಬಂದು ಕೂರೋಕೆ ಒಂದು ತಗ್ಗು ತೆಗೆದಿರ್ತಾರೆ, ಅಂಗಡಿಯವರ ಭಾಷೆಯಲ್ಲಿ ರಿಬೇಟ್. ಆ ತಗ್ಗಿನಿಂದ ತಗ್ಗಿಗೆ ಅಳೀಬೇಕು. ನಾವು ದಾಟಿ ಹೋಗೋ ತೆರಪನ್ನು ಅಳೆದು ತಂದರೆ ಬಾಗಿಲು ಎರಡೂ ಕಡೆ ಅರ್ಧರ್ಧ ಇಂಚು ಸಣ್ಣದಾಗಿ, ತಗ್ಗಿನಲ್ಲಿ ಕೂರದೆ ಆಚೆಗೇ ಹೋಗುತ್ತೆ. ಅಗಲವನ್ನು ಮೇಲೆ, ನಡುವೆ, ಕೆಳಗೆ ಮೂರು ಕಡೆ ನೋಡಿ. ಎತ್ತರ ಎಡಕ್ಕೂ ಬಲಕ್ಕೂ. ಆಮೇಲೆ ಮೂಲೆಯಿಂದ ಮೂಲೆಗೆ ಎರಡು ಕರ್ಣ. ಕರ್ಣಗಳು ಒಂದೇ ಬರದಿದ್ದರೆ ಚೌಕಟ್ಟು ಮಟ್ಟಸವಾಗಿಲ್ಲ. ಒಂದು ದಾರಕ್ಕೆ ಭಾರದ ನಟ್ಟು ಕಟ್ಟಿ ಎರಡೂ ಕಂಬದ ಪಕ್ಕ ಇಳಿಬಿಟ್ಟರೆ ಯಾವುದು ವಾಲಿದೆ ಅಂತ ಗೊತ್ತಾಗುತ್ತೆ. ನೆಲವನ್ನು ಹೊಸ್ತಿಲಲ್ಲಿ ಮಾತ್ರ ನೋಡಿದರೆ ಸಾಲದು, ಬಾಗಿಲು ಬೀಸೋ ಅಷ್ಟೂ ಜಾಗದಲ್ಲಿ ಎತ್ತರದ ಟೈಲ್ ಯಾವುದು ಅಂತ ಹುಡುಕಿ.

ಬಡಗಿ ಜೊತೆ ಮಾತಾಡುವಾಗ ಒಂದು ಪದ ಗೊತ್ತಿರಲಿ: ಸೂತ್. ಇಂಚಿನ ಎಂಟನೇ ಒಂದು ಭಾಗ, ಅಂದ್ರೆ ಮೂರು ಮಿಲಿಮೀಟರ್‌ಗಿಂತ ಚೂರು ಜಾಸ್ತಿ. ನಮ್ಮ ಕಡೆ ನೂಲು ಅನ್ನೋದೂ ಇದನ್ನೇ. ಮೇಲೆ ಮತ್ತು ಪಕ್ಕಗಳಲ್ಲಿ ಒಂದೊಂದು ಸೂತ್ ಸಂದು, ಕೆಳಗೆ ಮೂರು ಸೂತ್. ಇಷ್ಟಿದ್ದರೆ ಬಾಗಿಲು ಸಲೀಸಾಗಿ ಆಡುತ್ತೆ.

ಈಗ ಒಂದು ಲೆಕ್ಕ ಮಾಡೋಣ. ನಿಮ್ಮ ತೆರಪು ಮೇಲೆ 28¼ ಇಂಚು, ನಡುವೆ 28, ಕೆಳಗೆ 27¾ ಇದೆ ಅಂದ್ಕೊಳ್ಳಿ. ಎತ್ತರ ಎಡಕ್ಕೆ 78, ಬಲಕ್ಕೆ 78½. ಅಂಗಡಿಯಲ್ಲಿ ಸಿದ್ಧವಾಗಿರೋದು 78×30, 81×33 ಇಂಥ ಅಳತೆಗಳು. ಸಂದು ಬಿಟ್ಟು ನಮಗೆ ಬೇಕಾದ್ದು ಮೇಲೆ 28, ಕೆಳಗೆ 27½. ಅಂದ್ರೆ 30ರ ಬಾಗಿಲು ತಂದರೆ ಮೇಲೆ ಎರಡು ಇಂಚು, ಕೆಳಗೆ ಎರಡೂವರೆ ಇಂಚು ಹೋಗಬೇಕು. ‘ಆಯ್ತು ಸಾರ್, ಮಾಡ್ಕೊಡ್ತೀನಿ’ ಅಂತ ಬಡಗಿ ಹೇಳ್ತಾನೆ, ಮಾಡಿಯೂ ಕೊಡ್ತಾನೆ. ಆ ಬಾಗಿಲು ಎಷ್ಟು ದಿನ ಬಾಳುತ್ತೆ ಅನ್ನೋದು ಅಂಚಿನೊಳಗೆ ಏನಿದೆ ಅನ್ನೋದರ ಮೇಲೆ ನಿಂತಿದೆ. ನಾವು ಅಂಗಡಿಯಲ್ಲಿ ಲ್ಯಾಮಿನೇಟಿನ ಬಣ್ಣ ನೋಡ್ತೀವಿ. ನೋಡಬೇಕಾದ್ದು ಅಂಚನ್ನು.

ಹೆಚ್ಚಿನ ಮನೆಗಳಲ್ಲಿ ಇರೋದು ಫ್ಲಶ್ ಡೋರ್. ಹೊರಗೆ ಪ್ಲೈವುಡ್ ಹಾಳೆ, ಒಳಗೆ ಸಾಲಾಗಿ ಅಂಟಿಸಿದ ಮರದ ಪಟ್ಟಿಗಳು, ಸುತ್ತಲೂ ಗಟ್ಟಿ ಮರದ ಒಂದು ಚೌಕ. ಹಿಂಜು, ಬೀಗ, ಚಿಲಕ ಎಲ್ಲ ಕಚ್ಚಿಕೊಳ್ಳೋದು ಆ ಚೌಕದ ಮರಕ್ಕೆ. ಒಳ್ಳೆ ಬಾಗಿಲಿನಲ್ಲಿ ಅದರ ಅಗಲ ಒಂದೂಮುಕ್ಕಾಲರಿಂದ ಮೂರು ಇಂಚು. ಪಕ್ಕಕ್ಕೆ ಒಂದು ಇಂಚಿನ ಮೇಲೆ ಕೊಯ್ದರೆ ಉಳಿಯೋದು ಮುಕ್ಕಾಲು ಇಂಚೋ ಏನೋ. ಸ್ಕ್ರೂ ಅದನ್ನು ದಾಟಿ ಒಳಗಿನ ಪಟ್ಟಿಗಳ ಸಂದಿಗೆ ಹೋಗುತ್ತೆ. ಬಾಗಿಲಿನ ತೂಕ 25-30 ಕಿಲೋ. ಕೆಲವು ತಿಂಗಳಲ್ಲಿ ಸ್ಕ್ರೂ ಅಲುಗೋಕೆ ಶುರು. ನನ್ನ ಲೆಕ್ಕದಲ್ಲಿ ಫ್ಲಶ್ ಡೋರಿಗೆ ಪ್ರತಿ ಪಕ್ಕಕ್ಕೆ ಕಾಲು ಇಂಚು ಸರಿ, ಅರ್ಧ ಇಂಚು ಗಡಿ, ಅದರಾಚೆ ಬೇಡ. ಕೆಳಗೂ ಅಷ್ಟೇ.

ಹಾಗಾದರೆ ಮೇಲಿನ ತೆರಪಿಗೆ? ಅಳತೆ ಕೊಟ್ಟು ಮಾಡಿಸಿ. ಫ್ಲಶ್ ಡೋರ್ ತಯಾರಕರು ಬೇರೆ ಅಳತೆಗೂ ಮಾಡಿಕೊಡ್ತಾರೆ, ಒಂದಷ್ಟು ದಿನ ಕಾಯಬೇಕು ಅಷ್ಟೆ. ಆದರೆ 28 ಅಂತ ಕರಾರುವಾಕ್ಕಾಗಿ ಹೇಳಬೇಡಿ, 28½×78½ ಅಂತ ಹೇಳಿ. ಆ ಹೆಚ್ಚುವರಿ ಅರ್ಧ ಇಂಚನ್ನು ಮನೆಯಲ್ಲೇ, ನಿಮ್ಮ ಸೊಟ್ಟ ಚೌಕಟ್ಟಿಗೆ ತಕ್ಕ ಹಾಗೆ ತೆಗೆಸಿ. ಅಗಲದಲ್ಲಿ ಮೇಲೆ ಅರ್ಧ ಇಂಚು, ಕೆಳಗೆ ಒಂದು ಇಂಚು ಹೋಗುತ್ತೆ. ಅದನ್ನು ಎರಡು ಪಕ್ಕಕ್ಕೆ ಹಂಚಿದರೆ ಗಡಿಯೊಳಗೇ ಇರುತ್ತೆ. ಹಂಚುವಾಗ ಹಿಂಜ್ ಕಡೆ ನೇರ ಗೆರೆಯಲ್ಲಿ ತೆಗೆಯಲಿ, ಓರೆಯೆಲ್ಲ ಬೀಗದ ಕಡೆಗೇ ಬರಲಿ.

ಅಂಗಡಿಯಲ್ಲಿ ಐಎಸ್ಐ ಗುರುತಿನ ಮೇಲೆ ಐಎಸ್ 2202 ಇದೆಯಾ ನೋಡಿ, ಅದು ಗಟ್ಟಿ ಒಡಲಿನ ಫ್ಲಶ್ ಡೋರಿನ ಮಾನದಂಡ. ಕೆಳಗೆ ಸಿಎಂ/ಎಲ್ ಅಂತ ಶುರುವಾಗೋ ಲೈಸೆನ್ಸ್ ಸಂಖ್ಯೆ ಇರುತ್ತೆ, ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ನಿಜವೋ ಸುಳ್ಳೋ ಅಂತ ಅಲ್ಲೇ ಗೊತ್ತಾಗುತ್ತೆ. ಕೋಡ್ ರಿವ್ಯೂ ಮಾಡೋ ನಮಗೆ ಇದೇನು ಕಷ್ಟ ಅಲ್ಲ, ಅಂಗಡಿಯವನ ಮುಂದೆ ಸಂಕೋಚ ಅಷ್ಟೆ.

ಅಚ್ಚೊತ್ತಿದ ಸ್ಕಿನ್ ಡೋರ್, ಅಂದ್ರೆ ಪ್ಯಾನೆಲ್ ಡಿಸೈನ್ ಉಬ್ಬಿರೋ ಬಿಳಿ ಬಾಗಿಲು, ನೋಡೋಕೆ ಚೆಂದ, ಹಗುರ. ಆದರೆ ಎಷ್ಟೋ ಬಾಗಿಲುಗಳ ಒಳಗೆ ಜೇನುಗೂಡಿನಂಥ ರಟ್ಟು, ಅಂಚಿನಲ್ಲಿ ಸಣ್ಣ ಮರದ ಪಟ್ಟಿ. ಬೀಗ ಕೂರೋ ಕಡೆ ಮಾತ್ರ ಒಂದು ಮರದ ತುಂಡು. ಸ್ವಲ್ಪ ಹೆಚ್ಚು ಕೊಯ್ದರೂ ಒಳಗಿನ ಟೊಳ್ಳು ಕಣ್ಣಿಗೆ ಬೀಳುತ್ತೆ. ಬೆರಳಲ್ಲಿ ತಟ್ಟಿ ನೋಡಿ, ನಡುವೆ ಡೊಳ್ಳಿನ ಸದ್ದು ಬಂದರೆ ಸೊಟ್ಟ ತೆರಪಿಗೆ ಅದು ಬೇಡ.

ಕೀಸೋಕೆ ಎಲ್ಲಕ್ಕಿಂತ ಒಳ್ಳೇದು ಇಡೀ ಮರದ ಪ್ಯಾನೆಲ್ ಬಾಗಿಲು. ಕೆಳಗಿನ ಅಡ್ಡಪಟ್ಟಿ ಅಗಲವಾಗಿರೋದರಿಂದ ಕೆಳಗೆ ಒಂದು ಇಂಚು ಧಾರಾಳವಾಗಿ ತೆಗೀಬಹುದು. ಪಕ್ಕದಲ್ಲಿ ತೆಗೆದರೆ ಎರಡೂ ಕಡೆ ಸಮನಾಗಿ ತೆಗೀಬೇಕು, ಇಲ್ಲದಿದ್ದರೆ ಒಂದು ಪಟ್ಟಿ ದಪ್ಪ ಒಂದು ಸಣ್ಣ ಕಂಡು ಕಣ್ಣಿಗೆ ಚುಚ್ಚುತ್ತೆ. ಮುಶೀರಾಬಾದ್‌ನ ಟಿಂಬರ್ ಡಿಪೋಗಳ ಕಡೆ ಒಂದು ಸುತ್ತು ಹೊಡೆದರೆ ಮರದ ಗುಣ, ಬೆಲೆ ಎರಡೂ ಅಂದಾಜಾಗುತ್ತೆ. ಹಳೇ ಮನೆ ಒಡೆದಾಗ ಬಂದ ತೇಗದ ಬಾಗಿಲು ಸಿಕ್ಕರೆ ಬಿಡಬೇಡಿ. ಎಷ್ಟೋ ಮಳೆಗಾಲ, ಬೇಸಿಗೆ ಕಂಡ ಮರ ಇನ್ನು ಹೆಚ್ಚು ಸೊಟ್ಟಗಾಗಲ್ಲ. ಗರಗಸ ಹಾಕೋ ಮುಂಚೆ ಅಂಚಿನ ಮೇಲೆ ಅಯಸ್ಕಾಂತ ಆಡಿಸಿ, ಮುರಿದ ಮೊಳೆ ಒಳಗೇ ಉಳಿದಿರುತ್ತೆ.

ಬಾತ್‌ರೂಮಿನ ಕತೆ ಬೇರೆ. ಅಲ್ಲಿ ಸಾಮಾನ್ಯವಾಗಿ ಪಿವಿಸಿ, ಫೈಬರ್, ಡಬ್ಲ್ಯೂಪಿಸಿ ಈ ಮೂರು ತೋರಿಸ್ತಾರೆ. ಪಿವಿಸಿ ಬಾಗಿಲು ಟೊಳ್ಳು ಕೊಳವೆಗಳ ಜೋಡಣೆ, ಕೊಯ್ದರೆ ಕೊಳವೆ ಬಾಯಿ ತೆರೆಯುತ್ತೆ. ಫೈಬರ್ ಬಾಗಿಲಿನ ಬಲವೆಲ್ಲ ಮುಚ್ಚಿದ ಚಿಪ್ಪಿನಲ್ಲಿದೆ. ಅಂಚು ಕೊಯ್ದರೆ ನೀರು ಒಳಗೆ ಇಳಿಯೋಕೆ ದಾರಿ. ಇವೆರಡನ್ನೂ ಸರಿಯಾದ ಅಳತೆಗೇ ತರಿಸಬೇಕು. ಗಟ್ಟಿ ಡಬ್ಲ್ಯೂಪಿಸಿ ಮಾತ್ರ ಮರದ ಹಾಗೆ ಕೊಯ್ಯೋಕೆ ಬರುತ್ತೆ, ನೀರಿಗೂ ಉಬ್ಬಲ್ಲ. ಆದರೆ ಡಬ್ಲ್ಯೂಪಿಸಿ ಹೆಸರಲ್ಲಿ ಒಳಗೆ ತೂತು ತೂತಾಗಿರೋದೂ ಬರುತ್ತೆ, ಮೇಲಂಚು ನೋಡಿಯೇ ತಗೊಳ್ಳಿ. ಬಿಸಿಲು ಬೀಳೋ ಜಾಗದಲ್ಲಿ ಇದು ಕಾವಿಗೆ ಚೂರು ಹಿಗ್ಗುತ್ತೆ, ಸಂದು ಅರ್ಧ ಸೂತ್ ಹೆಚ್ಚೇ ಇರಲಿ. ಸ್ಕ್ರೂಗೆ ಮೊದಲು ಸಣ್ಣ ತೂತು ಕೊರೆಸಿ.

ವಯಸ್ಸಾದವರು ಇರೋ ಮನೆಯಾದರೆ ಬಾತ್‌ರೂಮ್ ಬಾಗಿಲು ಹೊರಗೆ ತೆರೆಯೋ ಹಾಗೆ ಕೂರಿಸೋಕೆ ಆಗುತ್ತಾ ಕೇಳಿ. ಒಳಗೆ ಬಿದ್ದವರು ಬಾಗಿಲಿಗೇ ಅಡ್ಡವಾಗಿದ್ದರೂ ಹೊರಗಿಂದ ತೆಗೀಬಹುದು. ಇನ್ನೊಂದು ಮಾತು: ಬಾಗಿಲನ್ನು ಎಷ್ಟು ಕೊಯ್ದರೂ ಚೌಕಟ್ಟು ಅಗಲ ಆಗಲ್ಲ. ಎರಡು ಅಡಿಯ ತೆರಪಿನಲ್ಲಿ ಗಾಲಿಕುರ್ಚಿ ಹೋಗಲ್ಲ, ವಾಕರ್ ಕೂಡ ಕಷ್ಟ. ಅಲ್ಲಿ ಬಾಗಿಲಿಗೆ ದುಡ್ಡು ಹಾಕೋ ಮುಂಚೆ ಚೌಕಟ್ಟನ್ನೇ ಬದಲಿಸಬಹುದಾ ಅಂತ ಯೋಚಿಸಿ.

ಕೊಯ್ಯೋ ದಿನ ನೀವು ಮನೆಯಲ್ಲೇ ಇರಿ, ವರ್ಕ್ ಫ್ರಂ ಹೋಮ್ ಹಾಕಿ. ಮೊದಲು ಅಳತೆಗೆ ತರೋದು, ಆಮೇಲೆ ಬೀಗದ ತೂತು. ಈ ಕ್ರಮ ತಿರುಗುಮುರುಗಾದರೆ ಬೀಗ ಅಂಚಿಗೆ ಬಂದು ಕೂರುತ್ತೆ. ಲ್ಯಾಮಿನೇಟ್ ಇದ್ದರೆ ಗೆರೆಯ ಮೇಲೆ ಟೇಪ್ ಅಂಟಿಸಿ, ಚೂಪು ಚಾಕುವಿನಲ್ಲಿ ಗೀರಿ ಕೊಯ್ಯಬೇಕು. ಕೈಯಲ್ಲಿ ಹಿಡಿಯೋ ವೃತ್ತಾಕಾರದ ಗರಗಸ ಕೆಳಗಿಂದ ಮೇಲಕ್ಕೆ ಕಚ್ಚೋದರಿಂದ ಚೆಂದದ ಮುಖ ಕೆಳಗಿರಲಿ. ಕೊನೆಯ ಒಂದು ಸೂತನ್ನು ಗರಗಸದಲ್ಲಿ ಬೇಡ, ರಂದಾದಲ್ಲಿ, ಅಂದ್ರೆ ನಮ್ಮ ಹತ್ತರಿಯಲ್ಲಿ ಕೀಸಲಿ. ಬೀಗದ ಕಡೆಯ ಅಂಚನ್ನು ಒಳಮುಖಕ್ಕೆ ಅರ್ಧ ಸೂತ್ ಓರೆ ಮಾಡಿದರೆ ಬಾಗಿಲು ಮುಚ್ಚುವಾಗ ಚೌಕಟ್ಟಿಗೆ ತಾಗಲ್ಲ.

ಬಹಳ ಜನ ಬಿಟ್ಟುಬಿಡೋ ಕೆಲಸ ಅಂದ್ರೆ ಕೊಯ್ದ ಅಂಚನ್ನು ಮುಚ್ಚೋದು. ಹಸಿ ಅಂಚು ನೀರು ಕುಡಿಯುತ್ತೆ. ಮೇಲೆ, ಕೆಳಗೆ, ಪಕ್ಕ ಎಲ್ಲಕ್ಕೂ ಪ್ರೈಮರೋ ವಾರ್ನಿಷೋ ಎರಡು ಕೋಟ್ ಹೊಡೆಸಿ, ಆಮೇಲೆ ನಿಲ್ಲಿಸಿ. ಕೆಳ ಅಂಚಿಗೆ ಬಾಗಿಲು ನಿಂತ ಮೇಲೆ ಬ್ರಷ್ ಹೋಗಲ್ಲ. ಹೈದರಾಬಾದಿನ ಏಪ್ರಿಲ್ ಬಿಸಿಲಲ್ಲಿ ಒಣಗಿದ ಬಾಗಿಲನ್ನು ಬಿಗಿಯಾಗಿ ಕೂರಿಸಿದರೆ ಜುಲೈಯಲ್ಲಿ ಹಿಡಿಯುತ್ತೆ, ಆಗ ಅರ್ಧ ಸೂತ್ ಹೆಚ್ಚು ಬಿಡಿ. ಮಳೆಗಾಲದಲ್ಲಿ ಬೆಡ್‌ರೂಮ್ ಬಾಗಿಲು ಹಿಡಿದರೆ ತಡೆದು, ದಸರಾ ಕಳೆದ ಮೇಲೆ ನೋಡಿ. ಉಬ್ಬಿದ್ದಾಗ ಕೀಸಿದರೆ ಚಳಿಗಾಲಕ್ಕೆ ಸಂದಿಯಲ್ಲಿ ಬೆಳಕು ಕಾಣುತ್ತೆ. ಬಾತ್‌ರೂಮಿಗೆ ಮಾತ್ರ ಈ ತಾಳ್ಮೆ ಬೇಡ, ಅದೇ ದಿನ ಬಿಡಿಸಿ.

ಬಾಡಿಗೆ ಮನೆಯಾದರೆ ಮಾಲೀಕರಿಗೆ ಫೋಟೋ ಸಮೇತ ವಾಟ್ಸಾಪ್ ಕಳಿಸಿ ಒಪ್ಪಿಗೆ ಬರೆಸಿಕೊಳ್ಳಿ, ಹಳೇ ಬಾಗಿಲನ್ನು ಕೊಡದೆ ಎಲ್ಲಾದರೂ ಒರಗಿಸಿಡಿ, ಅಡ್ವಾನ್ಸ್ ವಾಪಸ್ ಬರೋ ದಿನ ಕೇಳ್ತಾರೆ. ಹೊಸ ಅಪಾರ್ಟ್‌ಮೆಂಟಿನ ಫೈರ್ ಡೋರ್‌ಗೆ ಗರಗಸ ಮುಟ್ಟಿಸಲೇಬೇಡಿ, ಕೊಯ್ದರೆ ಅದರ ಪ್ರಮಾಣಪತ್ರಕ್ಕೆ ಬೆಲೆ ಇಲ್ಲ. ಇನ್ನು ನಿಮ್ಮ ಫ್ಲಶ್ ಡೋರ್ ಆದರೆ, ನಿಲ್ಲಿಸೋ ಮುಂಚೆ ಅದರ ಮೇಲಂಚಿನಲ್ಲಿ ಪೆನ್ಸಿಲ್‌ನಿಂದ ತಾರೀಖು ಹಾಕಿ, ಯಾವ ಕಡೆ ಎಷ್ಟು ಸೂತ್ ತೆಗೆದಿದ್ದೀವಿ ಅಂತ ಬರೆದಿಡಿ. ಮುಂದೆ ಮತ್ತೆ ನೆಲ ಎತ್ತರಿಸಿದಾಗ ಇನ್ನೆಷ್ಟು ಮರ ಉಳಿದಿದೆ ಅಂತ ಬರೋ ಬಡಗಿಗೆ ಅದರಿಂದಲೇ ಗೊತ್ತಾಗೋದು.