ಅಪರಂಜಿಯಲ್ಲಿ ಒಡವೆ ಏಕೆ ಆಗದು

ಈಚೆಗೆ ಕೊಂಡ ಚಿನ್ನದ ಬಳೆಯ ಒಳಮೈಯನ್ನು ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿ. ಮೂರು ಪುಟ್ಟ ಗುರುತುಗಳಿರುತ್ತವೆ: ತ್ರಿಕೋನದ ಬಿಐಎಸ್ ಮುದ್ರೆ, 22ಕೆ916 ಎಂಬ ಬರಹ, ಅಕ್ಷರ-ಅಂಕಿ ಬೆರೆತ ಆರು ಸ್ಥಾನಗಳ ಒಂದು ಸಂಖ್ಯೆ. ನಡುವಿನದು ಹೇಳುವುದಿಷ್ಟೇ: ಸಾವಿರ ಪಾಲಿನಲ್ಲಿ 916 ಪಾಲು ಚಿನ್ನ. ಉಳಿದ 84 ಪಾಲು ಏನೆಂದು ಅಂಗಡಿಯಲ್ಲಿ ಕೇಳಿದರೆ, ‘ತಾಮ್ರ ಸೇರಿಸಿರ್ತೀವಿ ಅಮ್ಮಾ, ಗಟ್ಟಿ ಬರಬೇಕಲ್ಲ’ ಎಂಬ ಉತ್ತರ ಬರುತ್ತದೆ. ಉತ್ತರ ಸರಿಯಾಗಿಯೇ ಇದೆ. ಆದರೆ ಒಡವೆಯ ಬಣ್ಣ, ಬಾಳಿಕೆ, ಮಾರುವಾಗ ಸಿಗುವ ಬೆಲೆ ಎಲ್ಲವೂ ಆ 84 ಪಾಲಿನ ಮೇಲೆ ನಿಂತಿರುವುದರಿಂದ ಅದನ್ನು ಸ್ವಲ್ಪ ವಿವರವಾಗಿ ತಿಳಿದುಕೊಳ್ಳುವುದು ಒಳ್ಳೆಯದು.

ಅಪರಂಜಿ ಚಿನ್ನ ತೀರಾ ಮೃದು. ಒಂದೇ ಗ್ರಾಂ ಚಿನ್ನವನ್ನು ಬಡಿದು ಮಿಲಿಮೀಟರಿನ ಹತ್ತು ಸಾವಿರದಲ್ಲಿ ಒಂದು ಪಾಲಿನಷ್ಟು ತೆಳ್ಳಗೆ ಮಾಡಿದರೆ ಅದು ಅರ್ಧ ಚದರ ಮೀಟರು ಹರಡುತ್ತದೆ. ಮೈಸೂರು ಶೈಲಿಯ ಚಿತ್ರಗಳಲ್ಲಿ ದೇವರ ಕಿರೀಟಕ್ಕೆ ಅಂಟಿಸುವ ಹಾಳೆಗಳು ಸಾಧ್ಯವಾದದ್ದು ಈ ಗುಣದಿಂದ. ಚಿನ್ನದೊಳಗೆ ಪರಮಾಣುಗಳು ಪದರ ಪದರವಾಗಿ ಒತ್ತಿ ಕುಳಿತಿರುತ್ತವೆ; ಪೆಟ್ಟು ಬಿದ್ದರೆ ಒಂದು ಪದರ ಇನ್ನೊಂದರ ಮೇಲೆ ಸಲೀಸಾಗಿ ಜಾರುತ್ತದೆ. ಹಾಳೆಗೆ ಇದು ವರ, ಬಳೆಗೆ ಶಾಪ. ಅಪರಂಜಿಯ ಬಳೆ ಪಾತ್ರೆ ತೊಳೆಯುವಾಗ ಸಿಂಕಿಗೆ ತಗುಲಿದರೂ ಸೊಟ್ಟಗಾಗುತ್ತದೆ, ಅಪರಂಜಿಯ ಮೂಗುತಿಯಲ್ಲಿ ಹರಳು ನಿಲ್ಲುವುದಿಲ್ಲ.

ಜಾರಿಕೆಯನ್ನು ತಡೆಯಲು ನಡುನಡುವೆ ಬೇರೆ ಗಾತ್ರದ ಪರಮಾಣು ಬೇಕು. ತಾಮ್ರದ ಪರಮಾಣು ಚಿನ್ನದ್ದಕ್ಕಿಂತ ಚಿಕ್ಕದು. ಅದು ಕುಳಿತ ಕಡೆ ಪದರ ಅಂಕುಡೊಂಕಾಗಿ, ಜಾರುವ ದಾರಿ ಕಟ್ಟಿಕೊಳ್ಳುತ್ತದೆ. ಬೆಳ್ಳಿಯ ಪರಮಾಣು ಹೆಚ್ಚುಕಡಿಮೆ ಚಿನ್ನದಷ್ಟೇ ದೊಡ್ಡದು, ಹಾಗಾಗಿ ಬೆಳ್ಳಿ ಬೆರೆಸಿದರೆ ಚಿನ್ನ ಅಷ್ಟಾಗಿ ಗಡಸಾಗುವುದಿಲ್ಲ. ಬರಿಯ ತಾಮ್ರ ಹಾಕಿದರೆ ಬಣ್ಣ ಕೆಂಪಿಗೆ ತಿರುಗುತ್ತದೆ. ಬರಿಯ ಬೆಳ್ಳಿ ಹಾಕಿದರೆ ಹಸಿರು ಛಾಯೆಯ ತೆಳು ಹಳದಿ. ಎರಡನ್ನೂ ಹದವಾಗಿ ಬೆರೆಸಿದಾಗ ನಮಗೆ ಒಗ್ಗಿದ ಬಂಗಾರದ ಬಣ್ಣ ಉಳಿಯುತ್ತದೆ. ಈಗ ಪೇಟೆಯಲ್ಲಿ ಓಡುತ್ತಿರುವ 18 ಕ್ಯಾರೆಟ್ಟಿನ ರೋಸ್ ಗೋಲ್ಡ್ ಹೊಸ ಲೋಹವೇನೂ ಅಲ್ಲ. ನಾಲ್ಕರಲ್ಲಿ ಮೂರು ಪಾಲು ಚಿನ್ನ, ಉಳಿದ ಪಾಲಿನಲ್ಲಿ ತಾಮ್ರವೇ ಹೆಚ್ಚು.

ಲೆಕ್ಕ ಸುಲಭ. ಹತ್ತು ಗ್ರಾಂ ಅಪರಂಜಿಯನ್ನು 22 ಕ್ಯಾರೆಟ್ಟಿಗೆ ಇಳಿಸಲು ಸುಮಾರು 0.91 ಗ್ರಾಂ ಬೇರೆ ಲೋಹ ಸೇರಿಸಬೇಕು. 18 ಕ್ಯಾರೆಟ್ಟಿಗೆ 3.33 ಗ್ರಾಂ. ಕೆಲಸ ಮಾತ್ರ ಸುಲಭವಲ್ಲ. ಅಕ್ಕಸಾಲಿಗರು ಮೂಸೆಯಲ್ಲಿ ಚಿನ್ನವಿಟ್ಟು, ಮೇಲೆ ಚಿಟಿಕೆ ಬಿಳಿಗಾರ ಉದುರಿಸಿ ಕಾಯಿಸುತ್ತಾರೆ. ಚಿನ್ನ 1064 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ, ತಾಮ್ರಕ್ಕೆ 1085 ಬೇಕು, ಬೆಳ್ಳಿಗೆ 962 ಸಾಕು. ಆ ಬೆಂಕಿಯಲ್ಲಿ ತಾಮ್ರ ಗಾಳಿಯ ಆಮ್ಲಜನಕದೊಡನೆ ಸೇರಿ ಕಪ್ಪುಗಟ್ಟಲು ಹವಣಿಸುತ್ತದೆ. ಕರಗಿ ಗಾಜಿನಂತಾದ ಬಿಳಿಗಾರ ಆ ಕಪ್ಪನ್ನು ಹೀರಿಕೊಂಡು ಲೋಹದ ಮೈಯನ್ನು ಮುಚ್ಚುತ್ತದೆ. ಬಳಿಕ ಅಚ್ಚಿಗೆ ಎರೆದು, ಗಟ್ಟಿಯನ್ನು ಅಡಿಗಲ್ಲಿನ ಮೇಲಿಟ್ಟು ಬಡಿಯುತ್ತಾರೆ. ಬಡಿದಷ್ಟೂ ಲೋಹ ಬಿರುಸಾಗುತ್ತದೆ. ಇನ್ನೊಂದೆರಡು ಪೆಟ್ಟು ಹೆಚ್ಚಾದರೆ ಅಂಚು ಬಿರಿಯುತ್ತದೆ ಎನ್ನುವ ಹೊತ್ತಿಗೆ ಮತ್ತೆ ಕೆಂಪಗೆ ಕಾಯಿಸಿ ನೀರಿಗೆ ಅದ್ದುತ್ತಾರೆ, ಲೋಹ ಮೆತ್ತಗಾಗುತ್ತದೆ. ತಂತಿ ಎಳೆಯುವಾಗಲೂ ಹೀಗೆಯೇ: ಉಕ್ಕಿನ ಪಟ್ಟಿಯ ದೊಡ್ಡ ತೂತಿನಿಂದ ಚಿಕ್ಕ ತೂತಿಗೆ ಎಳೆಯುತ್ತಾ ಹೋಗುವುದು, ಬಿಗಿ ಬಂದಾಗ ಕಾಯಿಸುವುದು. ಯಾವ ಪೆಟ್ಟಿಗೆ ನಿಲ್ಲಿಸಬೇಕೆಂಬುದು ಕೈಗೆ ಮತ್ತು ಕಿವಿಗೆ ಗೊತ್ತಿರುತ್ತದೆ. ಬಿರುಸಾದ ಲೋಹದ ಸದ್ದೇ ಬೇರೆ. ಬಿಲ್ಲಿನಲ್ಲಿ ಮಜೂರಿ ಎಂದು ಕಾಣುವ ಮೊತ್ತದ ಹಿಂದೆ ಈ ತಿಳಿವಳಿಕೆ ಇದೆ.

ಇನ್ನು ಬೆಸುಗೆ. ಚಿನ್ನದೊಡವೆಯ ನಿಜವಾದ ಕಷ್ಟ ಇರುವುದು ಇಲ್ಲಿ. ಎರಡು ತುಂಡು ಕೂಡಿಸುವ ಲೋಹ ಒಡವೆಗಿಂತ ಮೊದಲು ಕರಗಬೇಕು, ಇಲ್ಲದಿದ್ದರೆ ಒಡವೆಯೇ ಕರಗಿಹೋಗುತ್ತದೆ. ಹಿಂದಿನವರು ಬೆಸುಗೆಗೆ ತಾಮ್ರ, ಬೆಳ್ಳಿ ಹೆಚ್ಚಿಗೆ ಬೆರೆತ ಕಡಿಮೆ ಮಟ್ಟದ ಚಿನ್ನ ಬಳಸುತ್ತಿದ್ದರು. ಬಿಡಿಬಿಡಿ ಗುಂಡುಗಳ, ಬಹಳ ಬೆಸುಗೆಗಳ ಹಳೆಯ ಸರವನ್ನು ಇಡಿಯಾಗಿ ಕರಗಿಸಿದಾಗ 22 ಕ್ಯಾರೆಟ್ ಸಿಗದಿರುವುದಕ್ಕೆ ಇದೇ ಮುಖ್ಯ ಕಾರಣ. ಅಜ್ಜಿಯ ಸರ ಕರಗಿಸಿ 20 ಬಂತೆಂದರೆ ಆ ಕಾಲದ ಅಕ್ಕಸಾಲಿಗ ಮೋಸ ಮಾಡಿದನೆಂದು ಶಪಿಸುವವರಿದ್ದಾರೆ. ಹಾಗೆ ಶಪಿಸುವುದು ಅನ್ಯಾಯ.

ಆಮೇಲೆ ಬಂದದ್ದು ಕೆಡಿಎಂ. ನೂರಕ್ಕೆ 92 ಪಾಲು ಚಿನ್ನಕ್ಕೆ 8 ಪಾಲು ಕ್ಯಾಡ್ಮಿಯಂ ಬೆರೆಸಿದರೆ ಬೆಸುಗೆಯೂ ಬೇಗ ಕರಗುತ್ತದೆ, ಒಡವೆಯ ಮಟ್ಟವೂ ಇಳಿಯುವುದಿಲ್ಲ. ಕೊಳ್ಳುವವರಿಗೆ ಇದರಿಂದ ಅನುಕೂಲವಾಯಿತು. ಆದರೆ ಕ್ಯಾಡ್ಮಿಯಂ 767 ಡಿಗ್ರಿಯಲ್ಲೇ ಕುದಿದು ಹೊಗೆಯಾಗುತ್ತದೆ, ಬೆಸುಗೆಯ ಶಾಖ ಅದಕ್ಕಿಂತ ಹೆಚ್ಚು. ಕಿಟಕಿಯಿಲ್ಲದ ಕೋಣೆಯಲ್ಲಿ ಬಾಗಿ ಕುಳಿತು ಊದುಗೊಳವೆ ಊದುವವನ ಎದೆಗೇ ಆ ಹೊಗೆ ಹೋಗುತ್ತದೆ. ಶ್ವಾಸಕೋಶ, ಮೂತ್ರಪಿಂಡ ಎರಡಕ್ಕೂ ಅದು ವಿಷ. ನಮ್ಮ ಕತ್ತಿನ ಸರದ ಮಟ್ಟ ಉಳಿಯಲೆಂದು ಇನ್ನೊಬ್ಬರ ಉಸಿರು ಕೆಡುವುದನ್ನು ಒಪ್ಪಲಾಗದು. ಈಗ ಅದರ ಜಾಗಕ್ಕೆ ಸತು, ಇಂಡಿಯಂ ಬೆರೆತ ಬೆಸುಗೆಗಳು ಬಂದಿವೆ. ಆದರೂ ‘ಕೆಡಿಎಂ ಚಿನ್ನ’ ಎಂಬ ಮಾತು ಶುದ್ಧತೆಯ ಗುರುತೆಂಬಂತೆ ಇನ್ನೂ ಚಲಾವಣೆಯಲ್ಲಿದೆ. ಯಾರಾದರೂ ಹಾಗೆ ಹೇಳಿ ಮಾರಿದರೆ, ಹಾಲ್‌ಮಾರ್ಕ್ ತೋರಿಸಿ ಎಂದು ಕೇಳಿ.

ಆ ಹಾಲ್‌ಮಾರ್ಕ್ ಹಾಕುವ ಕೇಂದ್ರದಲ್ಲಿ ನಡೆಯುವುದೇನು? ಒರೆಗಲ್ಲಿನ ಮೇಲೆ ಗೆರೆ ಎಳೆದು ನೈಟ್ರಿಕ್ ಆಮ್ಲದ ಹನಿ ಬಿಡುವುದು ಹಳೆಯ ಕ್ರಮ. ತಾಮ್ರ, ಬೆಳ್ಳಿ ಕರಗುತ್ತವೆ, ಚಿನ್ನದ ಗೆರೆ ನಿಲ್ಲುತ್ತದೆ. ಅನುಭವಿಗಳಿಗೆ ಅಂದಾಜು ಸಿಗುತ್ತದೆ, ಅಷ್ಟೇ. ಅಂಗಡಿಗಳಲ್ಲಿ ಈಗ ಕಾಣುವ ಎಕ್ಸ್-ರೇ ಯಂತ್ರ ನಿಮಿಷದೊಳಗೆ ಅಂಕಿ ಕೊಡುತ್ತದೆ, ಆದರೆ ಅದರ ನೋಟ ಮೇಲ್ಪದರಕ್ಕೆ ಸೀಮಿತ. ದಪ್ಪ ಲೇಪನದ ಕೆಳಗೇನಿದೆಯೆಂದು ಅದಕ್ಕೆ ತಿಳಿಯದು. ನಿರ್ಣಾಯಕ ಪರೀಕ್ಷೆ ಬೆಂಕಿಯದ್ದೇ. ಒಡವೆಯಿಂದ ಹೆರೆದ ಚೂರನ್ನು ತೂಗಿ, ಸ್ವಲ್ಪ ಬೆಳ್ಳಿಯೊಡನೆ ಸೀಸದ ಹಾಳೆಯಲ್ಲಿ ಸುತ್ತಿ, ಮೂಳೆಬೂದಿಯಂಥ ರಂಧ್ರಮಯ ಬಟ್ಟಲಿನಲ್ಲಿಟ್ಟು ಕುಲುಮೆಗೆ ಹಾಕುತ್ತಾರೆ. ಸೀಸ ಕರಗಿ, ತಾಮ್ರ ಮೊದಲಾದವನ್ನು ಜೊತೆಗೆಳೆದುಕೊಂಡು ಬಟ್ಟಲಿನೊಳಕ್ಕೆ ಇಂಗಿಹೋಗುತ್ತದೆ. ಚಿನ್ನ-ಬೆಳ್ಳಿಯ ಸಣ್ಣ ಗುಂಡು ಮಾತ್ರ ಹೊಳೆಯುತ್ತಾ ಉಳಿಯುತ್ತದೆ. ಅದನ್ನು ತಟ್ಟಿ, ನೈಟ್ರಿಕ್ ಆಮ್ಲದಲ್ಲಿ ಕುದಿಸಿದರೆ ಬೆಳ್ಳಿಯೂ ಹೋಗಿ ಚಿನ್ನವೊಂದೇ ನಿಲ್ಲುತ್ತದೆ. ಅದರ ತೂಕವನ್ನು ಮೊದಲಿನ ತೂಕಕ್ಕೆ ಹೋಲಿಸಿದರೆ 916 ಇದೆಯೋ ಇಲ್ಲವೋ ಖಚಿತ. ಬೆಂಕಿಗೆ ಹಾಕಿದಷ್ಟೂ ಹೊಳೆಯುವ ಪುಟವಿಟ್ಟ ಚಿನ್ನವನ್ನು ಒಳ್ಳೆಯ ನಡತೆಗೆ ಹೋಲಿಸುತ್ತಾ ಬಂದವರು ಕಣ್ಣಾರೆ ಕಂಡದ್ದನ್ನೇ ಹೇಳಿದ್ದಾರೆ. ಆಮ್ಲಜನಕ, ನೀರು, ಬೆವರು, ಕುಲುಮೆಯ ಶಾಖ ಯಾವುದೂ ಚಿನ್ನದ ಸ್ವಭಾವವನ್ನು ಕೆಡಿಸಲಾರವು. ಮಕ್ಕಳ ಕಿವಿ ಚುಚ್ಚಲು ಅಕ್ಕಸಾಲಿಗನನ್ನೇ ಕರೆದು ಚಿನ್ನದ ತಂತಿ ಹಾಕಿಸುವುದರಲ್ಲೂ ಈ ಅರಿವಿದೆ. ಅಗ್ಗದ ಓಲೆಗಳಲ್ಲಿರುವ ನಿಕ್ಕಲ್ ಹಲವರ ಚರ್ಮಕ್ಕೆ ತುರಿಕೆ ತರುತ್ತದೆ, ಚಿನ್ನ ತರುವುದು ಅಪರೂಪ.

ತೂಕದ ವಿಷಯದಲ್ಲಿ ಒಂದು ಎಚ್ಚರ. ಕೊಡಗಿನ ಜೋಮಾಲೆಯ ಗುಂಡುಗಳು ಒಳಗೆ ಟೊಳ್ಳು. ತೆಳುವಾದ ಚಿನ್ನದ ಚಿಪ್ಪಿನೊಳಗೆ ಅರಗು ತುಂಬಿರುತ್ತಾರೆ. ಉತ್ತರ ಕರ್ನಾಟಕದ ಪತ್ತಾರರು ಮಾಡುವ ಗುಂಡಿನ ಸರಗಳಲ್ಲೂ ಈ ಕ್ರಮವಿದೆ. ಕಡಿಮೆ ಚಿನ್ನದಲ್ಲಿ ತುಂಬು ಕತ್ತಿನ ಸರ ಕೊಡುವ ಜಾಣ ಕೆಲಸ ಇದು. ಅರಗು ಒಳಗಿನಿಂದ ಆತುಕೊಂಡಿರುವುದರಿಂದ ಚಿಪ್ಪು ಜಜ್ಜುವುದಿಲ್ಲ. ಆದರೆ ಅರಗು ಬಿಸಿನೀರಿಗೆ ಮೆತ್ತಗಾಗುತ್ತದೆ, ಹಾಗಾಗಿ ಇಂಥ ಸರವನ್ನು ತೊಳೆಯಲು ಉಗುರುಬೆಚ್ಚಗಿನ ನೀರಿಗಿಂತ ಬಿಸಿ ಬೇಡ. ಕೊಳ್ಳುವಾಗಲೂ ಮಾರುವಾಗಲೂ ಅರಗಿನ, ಹರಳಿನ ತೂಕ ಕಳೆದ ನಿವ್ವಳ ತೂಕವನ್ನೇ ಬರೆಸಿ.

ಬೆಳ್ಳಿಯ ಕಥೆ ಬೇರೆ. ಅದು ಎಲ್ಲ ಲೋಹಗಳಿಗಿಂತ ಚೆನ್ನಾಗಿ ಬೆಳಕನ್ನು ಹಿಂದಿರುಗಿಸುತ್ತದೆ, ಆದರೆ ಗಂಧಕ ಕಂಡರೆ ಕಪ್ಪಾಗುತ್ತದೆ. ಗಾಳಿಯಲ್ಲಿರುವ ಹೈಡ್ರೋಜನ್ ಸಲ್ಫೈಡ್, ಬೆವರು, ಮೊಟ್ಟೆ, ರಬ್ಬರು ಎಲ್ಲದರಲ್ಲೂ ಗಂಧಕವಿದೆ. ಗೆಜ್ಜೆ ಕಪ್ಪಾದರೆ ಬೆಳ್ಳಿ ಕಳಪೆ ಎಂದಲ್ಲ. ವಿಭೂತಿಯಿಂದ ಉಜ್ಜುವುದು ನಮ್ಮ ಮನೆಗಳ ಹಳೆಯ ರೂಢಿ, ಪರವಾಗಿಲ್ಲ. ಆದರೆ ಪ್ರತಿ ಸಲ ಉಜ್ಜಿದಾಗಲೂ ಕಪ್ಪಿನ ಜೊತೆ ಒಂದಿಷ್ಟು ಬೆಳ್ಳಿಯೂ ಹೋಗುತ್ತದೆ. ಪಾತ್ರೆಯ ತಳಕ್ಕೆ ಅಲ್ಯೂಮಿನಿಯಂ ಹಾಳೆ ಹಾಸಿ, ಬಿಸಿನೀರು, ಒಂದು ಚಮಚ ಅಡುಗೆ ಸೋಡ ಹಾಕಿ, ಬೆಳ್ಳಿ ಹಾಳೆಗೆ ತಾಗುವಂತೆ ಇಡಿ. ಗಂಧಕ ಅಲ್ಯೂಮಿನಿಯಂ ಕಡೆಗೆ ಹೋಗುತ್ತದೆ, ಬೆಳ್ಳಿ ಬೆಳ್ಳಿಯಾಗಿಯೇ ಉಳಿಯುತ್ತದೆ. ಹರಳಿರುವ ಒಡವೆಗೂ, ಚಿತ್ತಾರ ಎದ್ದು ಕಾಣಲೆಂದು ಬೇಕೆಂದೇ ಕಪ್ಪು ಮಾಡಿದ ಆಕ್ಸಿಡೈಸ್ಡ್ ಬೆಳ್ಳಿಗೂ ಇದನ್ನು ಮಾಡಬೇಡಿ.

ಕಾಲಿಗೆ ಬೆಳ್ಳಿ, ಸೊಂಟದ ಮೇಲೆ ಚಿನ್ನ ಎಂಬ ಕಟ್ಟಳೆಗೆ ಲಕ್ಷ್ಮಿಯನ್ನು ಕಾಲಿಗೆ ಕಟ್ಟಬಾರದು ಎಂಬ ಕಾರಣ ಹೇಳುತ್ತಾರೆ. ಅರಸುಮನೆಗಳಿಗೂ ದೇವರ ಮೂರ್ತಿಗಳಿಗೂ ಇದರಿಂದ ವಿನಾಯಿತಿ. ಭಕ್ತಿಯ ಜೊತೆ ಬಳಕೆಯ ವಿವೇಕವೂ ಇಲ್ಲಿ ಕೂಡಿದೆ ಎನ್ನುವುದು ನನ್ನ ನಂಬಿಕೆ. ಕಾಲುಂಗುರ ದಿನವಿಡೀ ನೆಲಕ್ಕೆ ಉಜ್ಜುತ್ತದೆ. ಅಲ್ಲಿ ಸವೆಯುವುದು ಅಗ್ಗದ ಲೋಹವಾಗಿದ್ದರೆ ಮನೆಗೆ ನಷ್ಟವಿಲ್ಲ. ಬೆಳ್ಳಿಯನ್ನು ಕಾಲಿನ ಲೋಹವೆಂದು ಕೀಳುಗಾಣುವುದೂ ತಪ್ಪು. ಲಿಂಗಾಯತರು ಇಷ್ಟಲಿಂಗವನ್ನಿಟ್ಟು ಎದೆಯ ಮೇಲೆ ಧರಿಸುವ ಕರಡಿಗೆ ಹೆಚ್ಚಾಗಿ ಬೆಳ್ಳಿಯದೇ. ಮಗುವಿನ ಮೊದಲ ಉಡಿದಾರವೂ ಬೆಳ್ಳಿ. ಜರ್ಮನ್ ಸಿಲ್ವರ್ ಮಾತ್ರ ಬೇರೆ: ತಾಮ್ರ, ಸತು, ನಿಕ್ಕಲ್ ಸೇರಿದ ಆ ಲೋಹದಲ್ಲಿ ಬೆಳ್ಳಿ ಎಳ್ಳಷ್ಟೂ ಇಲ್ಲ.

ಪ್ಲಾಟಿನಂ ಬಗ್ಗೆ ಎರಡು ಮಾತು ಸಾಕು. ಕರಗಲು 1768 ಡಿಗ್ರಿ ಬೇಕು. ಇದ್ದಿಲ ಅಗ್ಗಿಷ್ಟಿಕೆಗೆ ಅದು ಎಟುಕದು, ಆದ್ದರಿಂದ ನಮ್ಮ ಹಳೆಯ ಒಡವೆಗಳಲ್ಲಿ ಅದರ ಸುಳಿವಿಲ್ಲ. ತೂಕವೂ ಹೆಚ್ಚು: ಒಂದೇ ಅಳತೆಯ ಉಂಗುರ ಬೆಳ್ಳಿಯಲ್ಲಿ 5 ಗ್ರಾಂ ಆದರೆ 22 ಕ್ಯಾರೆಟ್ ಚಿನ್ನದಲ್ಲಿ ಎಂಟೂವರೆ, ಪ್ಲಾಟಿನಂನಲ್ಲಿ ಹತ್ತರ ಆಸುಪಾಸು. ಬಿಳಿ ಚಿನ್ನ ಅದಕ್ಕಿಂತ ಅಗ್ಗ, ಆದರೆ ಅದರ ಹೊಳಪು ರೋಡಿಯಂ ಲೇಪನದ್ದು. ಕೆಲ ವರ್ಷಗಳಲ್ಲಿ ಸವೆಯುತ್ತದೆ, ಮತ್ತೆ ಹಾಕಿಸಬೇಕು.

ತಾಮ್ರದ ಕಡಗ ಕೀಲುನೋವಿಗೆ ಒಳ್ಳೆಯದೆಂದು ತೊಡುವವರಿದ್ದಾರೆ. ಬ್ರಿಟನ್ನಿನ ಯಾರ್ಕ್ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಸಂಧಿವಾತಕ್ಕೆ ಅದರಿಂದ ವಿಶೇಷ ಫಲ ಕಾಣಲಿಲ್ಲ. ಕೈಗೆ ಹತ್ತುವ ಹಸಿರು ಬೆವರಿನೊಡನೆ ಸೇರಿದ ತಾಮ್ರದ ಲವಣ, ತೊಳೆದರೆ ಹೋಗುತ್ತದೆ. ಸೂರ್ಯನಿಗೆ ತಾಮ್ರ, ಶನಿಗೆ ಕಬ್ಬಿಣ ಎಂದು ನಂಬಿ ತೊಡುವುದು ಅವರವರ ಶ್ರದ್ಧೆ. ಮಾತ್ರೆ ಮಾತ್ರ ನಿಲ್ಲಿಸಬೇಡಿ. ಪಂಚಲೋಹದ ಉಂಗುರ ಕೊಳ್ಳುವಾಗ ಅದರಲ್ಲಿ ಚಿನ್ನದ ಪಾಲೆಷ್ಟೆಂದು ಕೇಳಿ. ಅಗ್ಗಕ್ಕೆ ಸಿಗುವುದರಲ್ಲಿ ಬಹುಪಾಲು ತಾಮ್ರ, ಹಿತ್ತಾಳೆಗಳೇ.

ಕೊಳ್ಳುವವರಿಗೆ ನನ್ನ ಸಲಹೆ ಒಡವೆ ಎಲ್ಲಿ, ಎಷ್ಟು ಹೊತ್ತು ಇರುತ್ತದೆ ಎಂಬುದನ್ನು ನೋಡಿ ಲೋಹ ಆರಿಸಿ ಎಂಬುದು. ಹರಳಿನ ಉಂಗುರ, ದಿನವೂ ಹಾಕುವ ಓಲೆಗೆ 18 ಕ್ಯಾರೆಟ್ಟೇ ಮೇಲು. ಹರಳನ್ನು ಬಿಗಿಯಾಗಿ ಹಿಡಿಯುತ್ತದೆ. ಹಬ್ಬ-ಮದುವೆಗಳ ಸರ, ಬಳೆಗೆ 22. ಕೂಡಿಡಲೆಂದೇ ಆದರೆ 24 ಕ್ಯಾರೆಟ್ಟಿನ ನಾಣ್ಯ. ಕರಿಮಣಿ ಸರದ ಕೊಂಡಿಗಳು ಒಂದಕ್ಕೊಂದು ಉಜ್ಜಿ ಸವೆಯುವುದರಿಂದ ವರ್ಷಕ್ಕೊಮ್ಮೆ ತೋರಿಸಿ. ಬ್ಲೀಚಿಂಗ್ ಪುಡಿ, ಈಜುಕೊಳದ ಕ್ಲೋರಿನ್ ಕಡಿಮೆ ಕ್ಯಾರೆಟ್ಟಿನ ಚಿನ್ನವನ್ನೂ ಬೆಸುಗೆಯನ್ನೂ ದುರ್ಬಲಗೊಳಿಸುತ್ತವೆ. ಪಾದರಸ ತಗುಲಿದರೆ ಚಿನ್ನ ಬಿಳಚಿ ಮುರಿಯುತ್ತದೆ.

ಹಾಲ್‌ಮಾರ್ಕ್ ಕಡ್ಡಾಯವಾದದ್ದು 2021ರ ಜೂನ್‌ನಲ್ಲಿ. ಆರು ಸ್ಥಾನದ ಎಚ್‌ಯುಐಡಿ ಇಲ್ಲದೆ ಮಾರುವಂತಿಲ್ಲ ಎಂಬ ನಿಯಮ 2023ರ ಏಪ್ರಿಲ್ 1ರಿಂದ ಇದೆ. ಎರಡು ಗ್ರಾಂಗಿಂತ ಕಡಿಮೆಯ ಒಡವೆಗಳಿಗೆ, ಎಂದರೆ ಬಹುತೇಕ ಮೂಗುತಿಗಳಿಗೆ, ಇದು ಕಡ್ಡಾಯವಲ್ಲ. ಅಲ್ಲಿ ಶುದ್ಧತೆಯನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳುವುದೇ ದಾರಿ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಎಚ್‌ಯುಐಡಿ ಹಾಕಿದರೆ ಒಡವೆಯ ಬಗೆ, ಶುದ್ಧತೆ, ಮುದ್ರೆ ಹಾಕಿದ ಕೇಂದ್ರದ ವಿವರ ಬರುತ್ತದೆ. ಕೈಯಲ್ಲಿರುವುದು ಬಳೆಯಾಗಿದ್ದು ಆ್ಯಪ್‌ನಲ್ಲಿ ಉಂಗುರ ಎಂದು ಬಂದರೆ ದುಡ್ಡು ಕೊಡಬೇಡಿ. ಕೊಂಡ ಮೇಲೆ ಪರೀಕ್ಷೆಯಲ್ಲಿ ಶುದ್ಧತೆ ಕಡಿಮೆ ಬಂದರೆ ಆ ಕೊರತೆಯ ಬೆಲೆಯ ಎರಡರಷ್ಟು ಪರಿಹಾರ, ಜೊತೆಗೆ ಪರೀಕ್ಷೆಯ ಖರ್ಚು ಕೇಳುವ ಹಕ್ಕು ಗ್ರಾಹಕರಿಗಿದೆ. ಅದಕ್ಕಾಗಿ ಬಿಲ್ಲು ಬೇಕು, ಅದರಲ್ಲಿ ನಿವ್ವಳ ತೂಕ, ಕ್ಯಾರೆಟ್, ಮಜೂರಿ, ಹಾಲ್‌ಮಾರ್ಕ್ ಶುಲ್ಕ ಬೇರೆ ಬೇರೆಯಾಗಿ ಇರಬೇಕು.