ಹೊಂಡದ ಕಾಟ್ಲಾಕ್ಕೆ ಕೊಟ್ಟಿಗೆಯ ಸಗಣಿಯೇ ಬಂಡವಾಳ

ಬೇಸಿಗೆ ಬಂತೆಂದರೆ ಹಸಿಮೇವು ಸಿಗದು, ಎಮ್ಮೆಯ ಹಾಲು ಇಳಿಯುತ್ತದೆ, ಸಂಘದಿಂದ ಬರುವ ಬಿಲ್ಲೂ ಕರಗುತ್ತದೆ. ಸೇಡಂ, ಚಿಂಚೋಳಿ, ಚಿತ್ತಾಪುರ ಕಡೆಯ ಅಕ್ಕಂದಿರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಹೊಲದಲ್ಲಿ ಎಂಟು ತಿಂಗಳು ನೀರು ನಿಲ್ಲುವ ಹೊಂಡವಿದ್ದರೆ, ಆ ಕಷ್ಟದ ತಿಂಗಳಲ್ಲಿ ಕೈಹಿಡಿಯುವುದು ಕಾಟ್ಲಾ ಮೀನು.

ದೊಡ್ಡ ತಲೆ, ಮೇಲಕ್ಕೆ ತಿರುಗಿದ ಬಾಯಿ – ಇದೇ ಕಾಟ್ಲಾ ಗುರುತು. ಇದು ಮೂಲತಃ ಗಂಗೆಯ ಸೀಮೆಯ ಮೀನು. ನಿಂತ ನೀರಿನಲ್ಲಿ ತಾನಾಗಿ ಮರಿ ಮಾಡದು. 1957ರ ಜುಲೈ 10ರಂದು ಒಡಿಶಾದಲ್ಲಿ ಡಾ. ಹೀರಾಲಾಲ್ ಚೌಧುರಿ ಮತ್ತು ಸಂಗಡಿಗರು ಚುಚ್ಚುಮದ್ದಿನಿಂದ ಗೆಂಡೆ ಜಾತಿಯ ಮೀನುಗಳಿಗೆ ಮರಿ ಮಾಡಿಸಿ ತೋರಿಸಿದರು. ಇಂದು ಕೆರೆ, ಜಲಾಶಯಗಳಿಗೆ ಬಿಡುವ ಮರಿಗಳಲ್ಲಿ ಬಹುಪಾಲು ಆ ವಿದ್ಯೆಯ ಫಲ. ಜುಲೈ 10 ಈಗ ರಾಷ್ಟ್ರೀಯ ಮೀನು ಕೃಷಿಕರ ದಿನ.

ಕಾಟ್ಲಾ ನೀರಿನ ಮೇಲ್ಪದರದ ಸೂಕ್ಷ್ಮಜೀವಿಗಳನ್ನು ತಿನ್ನುತ್ತದೆ. ಅವು ಬೆಳೆಯಲು ಸಗಣಿ ಬೇಕು. ಹತ್ತು ಗುಂಟೆ ಹೊಂಡಕ್ಕೆ ಮರಿ ಬಿಡುವ ಹದಿನೈದು ದಿನ ಮೊದಲು 200 ಕಿಲೊ, ಆಮೇಲೆ ತಿಂಗಳಿಗೆ 100 ಕಿಲೊ ಸಾಕು. ಅದು ಒಂದೇ ಎಮ್ಮೆಯ ಸುಮಾರು ಹತ್ತು ದಿನದ ಸಗಣಿ. ಉಳಿದದ್ದು ಹೊಲದ ತಿಪ್ಪೆಗೇ ಇರಲಿ. ಬೆರಳುದ್ದದ 200 ಕಾಟ್ಲಾ, 150 ರೋಹು, 150 ಮೃಗಾಲ್ ಬಿಡಿ. ರೋಹು ನಡುನೀರಿನಲ್ಲಿ, ಮೃಗಾಲ್ ತಳದಲ್ಲಿ ಮೇಯುವುದರಿಂದ ಒಂದರ ಮೇವಿಗೆ ಇನ್ನೊಂದು ಬಾಯಿ ಹಾಕದು. ಚೆನ್ನಾಗಿ ಬೆಳೆದರೆ ಕಾಟ್ಲಾ ವರ್ಷಕ್ಕೆ ಸುಮಾರು ಒಂದು ಕಿಲೊ ತೂಗುತ್ತದೆ.

ಮೊಣಕೈವರೆಗೆ ಕೈ ಮುಳುಗಿಸಿ ನೋಡಿ. ಅಂಗೈ ಕಾಣದಷ್ಟು ನೀರು ಹಸಿರಾಗಿದ್ದರೆ ಸಗಣಿ ನಿಲ್ಲಿಸಿ. ಬೆಳಗಿನ ಜಾವ ಮೀನು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ನೀರಿನಲ್ಲಿ ಪ್ರಾಣವಾಯು ಕಡಿಮೆಯಾಗಿದೆ ಎಂದರ್ಥ. ಕೂಡಲೇ ಹೊಸ ನೀರು ಹಾಯಿಸಿ.

ಹೈನು ಮಾಡುವವರು ಮುಖ್ಯವಾಗಿ ನೆನಪಿಡಬೇಕಾದ್ದು ಇದು: ಉಣ್ಣೆಗೆ ಹಚ್ಚುವ ಡೆಲ್ಟಾಮೆಥ್ರಿನ್, ಸೈಪರ್‌ಮೆಥ್ರಿನ್ ಔಷಧ ದನಕ್ಕೆ ಮದ್ದು, ಮೀನಿಗೆ ವಿಷ. ಔಷಧ ಹಚ್ಚಿದ ದನವನ್ನು ಹೊಂಡಕ್ಕೆ ಇಳಿಸಬೇಡಿ, ಮೈ ತೊಳೆದ ನೀರು, ಖಾಲಿ ಬಾಟಲಿ ಅತ್ತ ಹೋಗದಿರಲಿ. ಐವರ್‌ಮೆಕ್ಟಿನ್ ಚುಚ್ಚಿಸಿದ ದನದ ಸಗಣಿಯನ್ನೂ ಕೆಲವು ವಾರ ಹೊಂಡಕ್ಕೆ ಹಾಕಬೇಡಿ.

ಶಹಾಬಾದ್, ವಾಡಿ ಸುತ್ತ ಫರಸಿ ಕಲ್ಲು ತೆಗೆದ ಖಣಿಗಳಲ್ಲಿ ನೀರು ನಿಂತಿರುತ್ತದೆ. ಅವು ಆಳ, ಅಂಚು ಕಡಿದಾದದ್ದು. ಮಾಲೀಕರ ಒಪ್ಪಿಗೆ, ಇಲಾಖೆಯ ಸಲಹೆ ಇಲ್ಲದೆ ಅಲ್ಲಿ ಮರಿ ಬಿಡಬೇಡಿ, ಮಕ್ಕಳನ್ನು ಕಳಿಸಬೇಡಿ.

2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಮಹಿಳೆಯರಿಗೆ ಘಟಕ ವೆಚ್ಚದ ಶೇ. 60ರವರೆಗೆ ಸಹಾಯಧನ ನಿಗದಿಯಾಗಿತ್ತು, ಸಾಮಾನ್ಯ ವರ್ಗದ ಇತರರಿಗೆ ಶೇ. 40. ಹೈನಿಗೂ ಮೀನಿಗೂ ಕಿಸಾನ್ ಕ್ರೆಡಿಟ್ ಕಾರ್ಡ್ ಸಾಲ ಸಿಗುತ್ತದೆ. ಮಳೆ ಹಿಡಿಯುವ ಮೊದಲೇ ತಾಲ್ಲೂಕಿನ ಮೀನುಗಾರಿಕೆ ಇಲಾಖೆಯಲ್ಲಿ ವಿಚಾರಿಸಿ, ಮರಿಗೆ ಹೆಸರು ಬರೆಸಿ. ಹೊಂಡ ತುಂಬಿದಾಗ ಬಿಟ್ಟ ಮರಿ, ನೀರು ತಳ ಹಿಡಿಯುವ ಮುನ್ನ, ಹಾಲಿನ ಬಿಲ್ಲು ಇಳಿದ ಹೊತ್ತಿಗೇ ಮಾರಾಟಕ್ಕೆ ಬರುತ್ತದೆ.